ಬ್ಯಾಡಗಿ ಮೆಣಸಿನಕಾಯಿ ಇಲ್ಲದಿದ್ದರೆ ಏನು ಹಾಕಬಹುದು? ಗುಂಟೂರಿನಿಂದ ಗ್ವಾಹಿಯೊವರೆಗೆ ಒಂದು ಹೋಲಿಕೆ

ಹುಳಿಪುಡಿಗೆ ಹತ್ತು ಬ್ಯಾಡಗಿ ಮೆಣಸಿನಕಾಯಿ ಬೇಕೆಂದು ಅಳತೆ ಹೇಳುತ್ತದೆ, ಮನೆಯ ಡಬ್ಬದಲ್ಲಿ ಇರುವುದು ಗುಂಟೂರು ಮಾತ್ರ. ಹೊರದೇಶದಲ್ಲಿರುವವರ ಪಾಡು ಇನ್ನೂ ಬೇರೆ. ಹತ್ತಿರದ ಅಂಗಡಿಯಲ್ಲಿ ಪ್ಯಾಪ್ರಿಕಾ, ಕಯೆನ್, ಕೊರಿಯಾದ ಮೆಣಸಿನ ತರಿ ಎಲ್ಲವೂ ಸಿಗುತ್ತವೆ, ಬ್ಯಾಡಗಿಯೊಂದನ್ನು ಬಿಟ್ಟು. ಇಂಥ ಸಂದರ್ಭದಲ್ಲಿ ಹತ್ತರ ಬದಲಿಗೆ ಹತ್ತು ಹಾಕಿದರೆ ಸಾರು ಬಾಯಿಗಿಡಲಾಗದಷ್ಟು ಖಾರವಾಗುತ್ತದೆ. ಹೆದರಿ ಎರಡೇ ಹಾಕಿದರೆ ಖಾರ ಸರಿಯಾದರೂ ಬಣ್ಣ ಮಣ್ಣಿನಂತಾಗಿ, ಕೊತ್ತಂಬರಿ ಬೀಜದ ವಾಸನೆಯೊಂದೇ ಮುಂದೆ ನಿಲ್ಲುತ್ತದೆ. ಎರಡೂ ಸಲ ತಪ್ಪುವುದು ಒಂದೇ ಕಾರಣಕ್ಕೆ. ಬ್ಯಾಡಗಿ ನಮ್ಮ ಅಡುಗೆಯಲ್ಲಿ ಖಾರಕ್ಕಾಗಿ ಮಾತ್ರ ಇಲ್ಲ. ಬಣ್ಣ, ಹದವಾದ ಖಾರ, ನಸುಸಿಹಿಯ ಪರಿಮಳ ಮತ್ತು ರುಬ್ಬಿದ ಮಸಾಲೆಗೆ ಬೇಕಾದ ಮೈ, ಈ ನಾಲ್ಕನ್ನೂ ಅದು ಒಟ್ಟಿಗೆ ಕೊಡುತ್ತದೆ. ಬದಲಿಗೆ ಬರುವ ಯಾವ ಮೆಣಸಿನಕಾಯಿಯೂ ಈ ನಾಲ್ಕನ್ನು ಅದೇ ಪ್ರಮಾಣದಲ್ಲಿ ಕೊಡುವುದಿಲ್ಲ. ಆದ್ದರಿಂದ ಮಾಡುತ್ತಿರುವ ಅಡುಗೆಗೆ ಇವುಗಳಲ್ಲಿ ಯಾವುದು ಬಿಟ್ಟರೆ ನಡೆಯದು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡು, ಆ ಕೆಲಸಕ್ಕೆ ತಕ್ಕ ಬದಲಿಯನ್ನು ಹುಡುಕುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ಯಾವುದನ್ನು ನೋಡಿ ಹೋಲಿಸಬೇಕು

ಬಣ್ಣವನ್ನು ಮೊದಲು ತೆಗೆದುಕೊಳ್ಳೋಣ. ಒಣಮೆಣಸಿನಕಾಯಿಯ ಕೆಂಪು ಬಣ್ಣ ಕ್ಯಾಪ್ಸಾಂತಿನ್ ಮೊದಲಾದ ವರ್ಣದ್ರವ್ಯಗಳಿಂದ ಬರುತ್ತದೆ. ಇವು ಸಿಪ್ಪೆಯಲ್ಲಿರುತ್ತವೆ, ಬೀಜದಲ್ಲಿ ಇರುವುದಿಲ್ಲ. ಹೀಗಾಗಿ ಬೀಜ ಕಡಿಮೆಯಿದ್ದು ಸಿಪ್ಪೆ ಹೆಚ್ಚಿರುವ ಕಾಯಿಯ ಪುಡಿ ಗಾಢವಾಗಿಯೂ, ಬೀಜ ತುಂಬಿದ ಕಾಯಿಯ ಪುಡಿ ಹಳದಿ ಬೆರೆತ ಕೆಂಪಾಗಿಯೂ ಇರುತ್ತದೆ. ಈ ಬಣ್ಣ ನೀರಿನಲ್ಲಿ ಕರಗುವಂಥದ್ದಲ್ಲ, ಎಣ್ಣೆ ಅಥವಾ ತುಪ್ಪದಲ್ಲಿ ಬಿಡುವಂಥದ್ದು. ಗಸಿಯ ಮೇಲೆ ಕೆಂಪಗೆ ಎಣ್ಣೆ ತೇಲುವುದಕ್ಕೂ, ಅದೇ ಮೆಣಸಿನಕಾಯಿ ಹಾಕಿದ ತಿಳಿಸಾರು ಅಷ್ಟು ಕೆಂಪಾಗಿ ಕಾಣದಿರುವುದಕ್ಕೂ ಇದೇ ಕಾರಣ.

ಖಾರ ಬೇರೆಯೇ ವಸ್ತು. ಅದು ಕ್ಯಾಪ್ಸೈಸಿನ್‌ನಿಂದ ಬರುತ್ತದೆ ಮತ್ತು ಅದರ ಮುಖ್ಯ ನೆಲೆ ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ನಾರು. ಬೀಜವೇ ಖಾರವೆಂದು ತಿಳಿಯುವುದು ರೂಢಿಯಾದರೂ, ಬೀಜಕ್ಕೆ ಖಾರ ತಾಗುವುದು ಈ ನಾರಿನ ಸಹವಾಸದಿಂದ. ಬಣ್ಣದ ನೆಲೆ ಸಿಪ್ಪೆ, ಖಾರದ ನೆಲೆ ನಾರು ಎಂಬ ಈ ಒಂದು ಸಂಗತಿ ಗೊತ್ತಿದ್ದರೆ ಮುಂದೆ ಹೇಳುವ ಅರ್ಧದಷ್ಟು ಉಪಾಯಗಳು ತಾವಾಗಿಯೇ ಹೊಳೆಯುತ್ತವೆ.

ಮೂರನೆಯದು ಪರಿಮಳ. ಹದವಾಗಿ ಹುರಿದ ಬ್ಯಾಡಗಿಯಲ್ಲಿ ಘಾಟಿಗಿಂತ ಮುಂಚೆ ಮೂಗಿಗೆ ಬರುವುದು ಒಂದು ಬಗೆಯ ಸಿಹಿ ವಾಸನೆ. ನಾಲ್ಕನೆಯದು ಮೈ, ಎಂದರೆ ನೆನೆಸಿ ರುಬ್ಬಿದಾಗ ಸಿಪ್ಪೆ ಎಷ್ಟು ನುಣ್ಣಗಾಗಿ ಮಸಾಲೆಗೆ ದಪ್ಪ ಕೊಡುತ್ತದೆ ಎಂಬುದು. ಸಾರಿನ ಪುಡಿಗೆ ಇದು ಲೆಕ್ಕಕ್ಕೆ ಬಾರದು, ಆದರೆ ಗೀ ರೋಸ್ಟ್‌ಗೆ ಇದೇ ಪ್ರಾಣ. ಕೊನೆಯದಾಗಿ ಬೆಲೆ ಮತ್ತು ನಂಬಿಕೆ. ಇಡೀ ಕಾಯಿಯಲ್ಲಿ ಮೋಸ ಮಾಡುವುದು ಕಷ್ಟ, ಪುಡಿಯಲ್ಲಿ ಸುಲಭ. 2005ರಲ್ಲಿ ಬ್ರಿಟನ್ನಿನಲ್ಲಿ ನೂರಾರು ಬಗೆಯ ಸಿದ್ಧ ಆಹಾರಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿಕೊಳ್ಳಬೇಕಾಗಿ ಬಂದದ್ದು ಮೆಣಸಿನ ಪುಡಿಗೆ ಸೂಡಾನ್ ಎಂಬ ಕೈಗಾರಿಕಾ ಬಣ್ಣ ಬೆರೆತಿದ್ದರಿಂದ. ಆದ್ದರಿಂದ ಎರಡು ಬದಲಿಗಳು ಇತರ ಎಲ್ಲದರಲ್ಲೂ ಸಮನಾಗಿದ್ದರೆ ಇಡೀ ಕಾಯಿಯಾಗಿ ಸಿಗುವುದನ್ನೇ ಆರಿಸಿಕೊಳ್ಳುವುದು ಮೇಲು.

ಬ್ಯಾಡಗಿಯಲ್ಲೇ ಇರುವ ಆಯ್ಕೆ

ಹೊರಗಿನ ಬದಲಿಗೆ ಕೈಹಾಕುವ ಮೊದಲು ಬ್ಯಾಡಗಿಯೊಳಗಿನ ಭೇದವನ್ನು ಗಮನಿಸಬೇಕು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅಲ್ಲಿನ ಮಾರುಕಟ್ಟೆಯಲ್ಲಿ ದರ ಕೂಗುವುದು ಡಬ್ಬಿ, ಕಡ್ಡಿ ಮತ್ತು ಗುಂಟೂರು ಎಂಬ ಮೂರು ಹೆಸರುಗಳಲ್ಲಿ. ಡಬ್ಬಿ ಗಿಡ್ಡವಾಗಿ ಉಬ್ಬಿಕೊಂಡಿರುತ್ತದೆ, ಬಣ್ಣ ಮತ್ತು ಪರಿಮಳಕ್ಕೆ ಹೆಸರಾದದ್ದು, ಬೆಲೆಯೂ ಅದಕ್ಕೇ ಹೆಚ್ಚು. ಕಡ್ಡಿ ಉದ್ದವಾಗಿ, ತೆಳ್ಳಗೆ, ಮೈತುಂಬ ಸುಕ್ಕುಗಟ್ಟಿಕೊಂಡಿರುತ್ತದೆ. ಊರೂರಿನ ಕಿರಾಣಿ ಅಂಗಡಿಗಳಲ್ಲಿ ಬ್ಯಾಡಗಿ ಎಂದು ತೂಗಿಕೊಡುವುದು ಹೆಚ್ಚಾಗಿ ಇದನ್ನೇ. ಡಬ್ಬಿ ದುಬಾರಿಯಾಯಿತೆಂದು ಕಡ್ಡಿಗೆ ಇಳಿಯುವುದರಿಂದ ಮನೆಯಡುಗೆಗೆ ಹೇಳಿಕೊಳ್ಳುವಂಥ ನಷ್ಟವೇನೂ ಇಲ್ಲ. ಹಬ್ಬಕ್ಕೆ ಮಾಡುವ ಗಸಿಗೋ ಕೆಂಪು ಚಟ್ನಿಗೋ ಸ್ವಲ್ಪ ಡಬ್ಬಿಯನ್ನು ಬೇರೆ ಇಟ್ಟುಕೊಂಡು, ವರ್ಷದ ಪುಡಿಗೆ ಕಡ್ಡಿಯನ್ನು ಬಳಸುವ ಮನೆಗಳವರು ಜಾಣರೇ ಸರಿ.

ಇವೆರಡರ ಜೊತೆಗೆ ನೋಡಲು ಬ್ಯಾಡಗಿಯಂತೆಯೇ ಸುಕ್ಕಾಗಿರುವ, ಕಂಪನಿಗಳ ಹೈಬ್ರಿಡ್ ಬೀಜದಿಂದ ಬೆಳೆದ ಕಾಯಿಗಳೂ ಮಾರಾಟಕ್ಕೆ ಬರುತ್ತವೆ. ಇವುಗಳ ಬಣ್ಣ ಚೆನ್ನಾಗಿಯೇ ಇರುತ್ತದೆ, ಖಾರ ಮಾತ್ರ ತಳಿಯಿಂದ ತಳಿಗೆ ಬದಲಾಗುತ್ತದೆ. ಕಳೆದ ಸಲದ ಅಳತೆಯಲ್ಲೇ ಮಾಡಿದ ಸಾರು ಈ ಸಲ ಏಕೆ ಖಾರವಾಯಿತು ಎಂದು ತಲೆ ಕೆಡಿಸಿಕೊಳ್ಳುವವರು ಕೈಯನ್ನು ದೂರುವ ಮೊದಲು ಕಾಯಿಯನ್ನು ಅನುಮಾನಿಸಬೇಕು.

ಗುಂಟೂರು: ಅಗ್ಗ, ಎಲ್ಲೆಡೆ ಲಭ್ಯ, ಆದರೆ ಪಳಗಿಸಬೇಕಾದದ್ದು

ಹೆಚ್ಚಿನವರಿಗೆ ಕೈಗೆ ಮೊದಲು ಸಿಗುವ ಬದಲಿ ಇದೇ. ಗುಂಟೂರು ಸಣ್ಣಂ ಎಂದು ಕರೆಯುವ ಈ ಕಾಯಿಯ ಮೈ ನುಣುಪು, ಸಿಪ್ಪೆ ಗಟ್ಟಿ, ಒಳಗೆ ಬೀಜ ಹೆಚ್ಚು. ಖಾರವನ್ನು ಅಳೆಯುವ ಸ್ಕೋವಿಲ್ ಮಾನದಲ್ಲಿ ಇದಕ್ಕೆ ಸಾಮಾನ್ಯವಾಗಿ 35,000ದಿಂದ 40,000ದವರೆಗೆ ಹೇಳುತ್ತಾರೆ. ತೇಜಾ ಎಂಬ ಹೆಸರಿನಲ್ಲಿ ಬರುವ ಸಣ್ಣ ಕಾಯಿ ಇದಕ್ಕಿಂತಲೂ ಬಹಳ ಖಾರವಾದ್ದರಿಂದ, ಬ್ಯಾಡಗಿಯ ಸ್ಥಾನಕ್ಕೆ ಅದನ್ನು ಯೋಚಿಸಲೇಬಾರದು.

ಗುಂಟೂರನ್ನು ಬಳಸಲು ಎರಡು ದಾರಿಗಳಿವೆ. ಮೊದಲನೆಯದು ಸಂಖ್ಯೆಯನ್ನು ಇಳಿಸುವುದು: ಹತ್ತು ಬ್ಯಾಡಗಿಯ ಜಾಗಕ್ಕೆ ಮೂರು ಅಥವಾ ನಾಲ್ಕು ಗುಂಟೂರು ಸಾಕು. ಖಾರ ಇಲ್ಲಿ ಸರಿಹೋಗುತ್ತದೆ, ಬಣ್ಣ ಮತ್ತು ಮೈ ಹೋಗುತ್ತವೆ. ಬೇಳೆ, ತರಕಾರಿ, ಹುಣಸೆಹಣ್ಣು ಸೇರಿ ಹೇಗಿದ್ದರೂ ಕಂದುಬಣ್ಣಕ್ಕೆ ತಿರುಗುವ ಹುಳಿಯಲ್ಲಿ ಈ ನಷ್ಟ ಯಾರ ಕಣ್ಣಿಗೂ ಬೀಳದು. ಎರಡನೆಯ ದಾರಿಗೆ ತುಸು ತಾಳ್ಮೆ ಬೇಕು. ಕಾಯಿಯ ತೊಟ್ಟು ಮುರಿದು, ಉದ್ದಕ್ಕೆ ಸೀಳಿ, ಬೀಜವನ್ನು ಉದುರಿಸಿ, ಒಳಗಿನ ಬಿಳಿ ನಾರನ್ನು ಚಾಕುವಿನ ತುದಿಯಿಂದ ಕೆರೆದು ತೆಗೆದರೆ ಖಾರದ ದೊಡ್ಡ ಪಾಲು ಹೊರಟುಹೋಗಿ ಬಣ್ಣದ ಸಿಪ್ಪೆ ಉಳಿಯುತ್ತದೆ. ಆಗ ಹತ್ತು ಬ್ಯಾಡಗಿಗೆ ಐದಾರು ಗುಂಟೂರಿನವರೆಗೂ ಧೈರ್ಯವಾಗಿ ಹೋಗಬಹುದು. ಈ ಸಿಪ್ಪೆಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನುಣ್ಣಗೆ ರುಬ್ಬಿ, ಸಣ್ಣ ಉರಿಯಲ್ಲಿ ಎಣ್ಣೆ ಬಿಡುವವರೆಗೆ ಹುರಿದರೆ ಗುಂಟೂರು ಕೂಡ ತಕ್ಕಮಟ್ಟಿಗೆ ಕೆಂಪು ಬಿಡುತ್ತದೆ. ಬೀಜ ತೆಗೆಯುವಾಗ ಕೈಗೆ ಎಣ್ಣೆ ಸವರಿಕೊಳ್ಳಬೇಕು ಅಥವಾ ಕೈಗವಸು ಹಾಕಿಕೊಳ್ಳಬೇಕು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದ ಕಾರಣ ನೀರಿನಲ್ಲಿ ಎಷ್ಟು ತೊಳೆದರೂ ಬೆರಳಿನ ಉರಿ ಬೇಗ ಹೋಗದು.

ಆದರೂ ಬ್ಯಾಡಗಿಯ ಸಿಹಿ ಇದರಲ್ಲಿ ಬರುವುದಿಲ್ಲ. ಒಂದು ಚಿಟಿಕೆ ಬೆಲ್ಲ ಹೆಚ್ಚು ಹಾಕಿದರೆ ಸಾರಿನಲ್ಲೂ ಗೊಜ್ಜಿನಲ್ಲೂ ಈ ಕೊರತೆ ಮುಚ್ಚಿಹೋಗುತ್ತದೆ. ತೆಂಗಿನಕಾಯಿ ಹಾಕಿ ರುಬ್ಬುವ ಅಡುಗೆಗಳಲ್ಲಿ ಕಾಯಿಯ ಸಿಹಿಯೇ ಆ ಕೆಲಸ ಮಾಡುವುದರಿಂದ ಬೆಲ್ಲದ ಅಗತ್ಯ ಬೀಳದು. ಬಣ್ಣಕ್ಕೆಂದು ಬೀಟ್ರೂಟ್ ಸೇರಿಸುವ ಸಲಹೆಯನ್ನು ಕೆಲವರು ಕೊಡುತ್ತಾರೆ. ಅದು ಕೊಡುವುದು ನೇರಳೆ ಬೆರೆತ ಕೆಂಪು, ಜೊತೆಗೆ ತನ್ನದೇ ಆದ ಮಣ್ಣುವಾಸನೆ. ನಾನಂತೂ ಇದನ್ನು ಶಿಫಾರಸು ಮಾಡಲಾರೆ. ಟೊಮೆಟೊ ಹಾಕಬಹುದಾದ ಅಡುಗೆಯಾಗಿದ್ದರೆ ಚೆನ್ನಾಗಿ ಹಣ್ಣಾದ ಒಂದು ಟೊಮೆಟೊವನ್ನು ರುಬ್ಬಿ, ನೀರು ಇಂಗುವವರೆಗೆ ಹುರಿದು ಸೇರಿಸುವುದು ಇದಕ್ಕಿಂತ ಎಷ್ಟೋ ವಾಸಿ, ಹುಣಸೆಹಣ್ಣನ್ನು ಅದಕ್ಕೆ ತಕ್ಕಂತೆ ಕಡಿಮೆ ಮಾಡಿಕೊಂಡರಾಯಿತು.

ಜೇಬಿನ ದೃಷ್ಟಿಯಿಂದ ನೋಡಿದರೆ ಗುಂಟೂರು ಸಾಮಾನ್ಯವಾಗಿ ಬ್ಯಾಡಗಿಗಿಂತ ಸಾಕಷ್ಟು ಅಗ್ಗ, ಮೇಲಾಗಿ ಅಡುಗೆಗೆ ಹಿಡಿಯುವ ಪ್ರಮಾಣವೂ ಕಡಿಮೆ. ಪೂರ್ತಿ ಬದಲಿಸುವುದಕ್ಕಿಂತ ಅರ್ಧ ಬದಲಿಸುವುದು ಇನ್ನೂ ಒಳ್ಳೆಯ ದಾರಿ. ಆರು ಬ್ಯಾಡಗಿ, ಒಂದೂವರೆ ಗುಂಟೂರು ಎಂಬಂತೆ ಬೆರೆಸಿದ ಪುಡಿಯನ್ನು ಹತ್ತು ಬ್ಯಾಡಗಿಯ ಪುಡಿಯ ಪಕ್ಕದಲ್ಲಿಟ್ಟರೆ ತಿನ್ನುವವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಬಣ್ಣಕ್ಕೊಂದು, ಖಾರಕ್ಕೊಂದು ಎಂದು ಎರಡು ಬಗೆಯ ಕಾಯಿಗಳನ್ನು ಬೆರೆಸಿ ಗಿರಣಿಯಲ್ಲಿ ಪುಡಿ ಮಾಡಿಸುವ ವಾಡಿಕೆ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇರುವುದು ಸುಮ್ಮನೆ ಅಲ್ಲ.

ಕಾಶ್ಮೀರಿ: ಹತ್ತಿರದ ಬದಲಿ, ಹೆಸರಿನ ಗೊಂದಲ

ಬ್ಯಾಡಗಿಗೆ ಸ್ವಭಾವದಲ್ಲಿ ಅತಿ ಹತ್ತಿರದ ಭಾರತೀಯ ಬದಲಿ ಕಾಶ್ಮೀರಿ ಮೆಣಸಿನಕಾಯಿ. ಬಣ್ಣ ಗಾಢ, ಖಾರ ಬ್ಯಾಡಗಿಗಿಂತಲೂ ತುಸು ಕಡಿಮೆ, ಘಾಟು ಹೆಚ್ಚಿಲ್ಲ. ಹತ್ತಕ್ಕೆ ಹತ್ತರಂತೆ ನೇರವಾಗಿ ಹಾಕಬಹುದಾದದ್ದು ಇದೊಂದೇ. ಖಾರ ಸಾಲದೆನಿಸಿದರೆ ಒಂದು ಗುಂಟೂರನ್ನು ಜೊತೆಗೆ ಹಾಕಿದರೆ ಮುಗಿಯಿತು. ಉತ್ತರ ಭಾರತದ ಊರುಗಳಲ್ಲಿ ಇರುವ ಕನ್ನಡಿಗರು ಬ್ಯಾಡಗಿಗಾಗಿ ಅಂಗಡಿ ಅಂಗಡಿ ಅಲೆಯುವ ಬದಲು ಇದನ್ನೇ ಕೊಳ್ಳುವುದು ಸುಲಭ.

ತೊಡಕಿರುವುದು ಹೆಸರಿನಲ್ಲಿ. ಕಾಶ್ಮೀರದಲ್ಲಿ ಬೆಳೆಯುವ ಕಾಯಿ ದೇಶಕ್ಕೆಲ್ಲ ಸಾಲುವಷ್ಟಿಲ್ಲ. ಪೇಟೆಯಲ್ಲಿ ಆ ಹೆಸರು ಈಗ ಒಂದು ಊರಿನ ಬೆಳೆಗಿಂತ ಕಡಿಮೆ ಖಾರದ, ಹೆಚ್ಚು ಬಣ್ಣದ ಮೆಣಸು ಎಂಬ ಗುಣವನ್ನೇ ಸೂಚಿಸುತ್ತದೆ. ಹಾಗಾಗಿ ಕಾಶ್ಮೀರಿ ಎಂಬ ಹೆಸರಿನ ಪುಡಿಯೊಳಗೆ ಬ್ಯಾಡಗಿಯೇ ಇರುವುದು ಅಪರೂಪವಲ್ಲ. ನಮ್ಮ ಅಡುಗೆಗೆ ಇದರಿಂದ ಲಾಭವೇ ಹೊರತು ನಷ್ಟವಿಲ್ಲ, ನಷ್ಟವಾಗುವುದು ಹೆಸರಿಗೆಂದು ಹೆಚ್ಚಿನ ಬೆಲೆ ತೆತ್ತಾಗ. ಎರಡೂ ಒಂದೇ ಅಂಗಡಿಯಲ್ಲಿ ಇಡಿಯಾಗಿ ಸಿಗುತ್ತಿದ್ದರೆ ಬ್ಯಾಡಗಿ ಕಡ್ಡಿಯನ್ನು ಬಿಟ್ಟು ಕಾಶ್ಮೀರಿ ಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಪುಡಿಯನ್ನೇ ಕೊಳ್ಳಬೇಕಾದಾಗ ಒಂದು ಲೋಟ ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ ನೋಡಬಹುದು. ನೀರಿನಲ್ಲಿ ಕರಗುವ ಕೃತಕ ಬಣ್ಣ ಬೆರೆತಿದ್ದರೆ ಪುಡಿ ಕೆಳಗಿಳಿಯುತ್ತಾ ಬಣ್ಣದ ಎಳೆಗಳನ್ನು ಬಿಡುತ್ತದೆ. ತಳಕ್ಕೆ ಕೂತದ್ದನ್ನು ಬೆರಳಲ್ಲಿ ಉಜ್ಜಿದಾಗ ಮರಳಿನಂತೆ ತರಿತರಿಯಾಗಿದ್ದರೆ ಇಟ್ಟಿಗೆಪುಡಿ ಅಥವಾ ಮರಳಿನ ಅನುಮಾನ. ಎಣ್ಣೆಯಲ್ಲಿ ಮಾತ್ರ ಕರಗುವ ಬಣ್ಣಗಳು ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ ಎಂಬುದೂ ನೆನಪಿರಲಿ.

ನೆರೆಯ ನಾಡುಗಳ ಕಾಯಿಗಳನ್ನೂ ಇಲ್ಲಿ ಸೇರಿಸಬೇಕು. ಹೈದರಾಬಾದಿನ ಕಡೆ ಇರುವವರಿಗೆ ವಾರಂಗಲ್ಲಿನ ಚಪಾಟ ಮೆಣಸಿನಕಾಯಿ ಸಿಗಬಹುದು. ಟೊಮೆಟೊ ಮಿರ್ಚಿ ಎಂದೂ ಕರೆಯುವ ಈ ದಪ್ಪನೆಯ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಆದ್ದರಿಂದ ಬ್ಯಾಡಗಿಯ ಜಾಗಕ್ಕೆ ಚೆನ್ನಾಗಿ ಹೊಂದುತ್ತದೆ. ತಮಿಳುನಾಡಿನ ಗುಂಡು ಮೆಣಸಿನಕಾಯಿ ಒಗ್ಗರಣೆಗೆ ಚೆಂದ, ಆದರೆ ಕೆಂಪು ಮಸಾಲೆಗೆ ಅಲ್ಲ. ಬೆಳಗಾವಿ, ಕೊಲ್ಹಾಪುರದ ಕಡೆ ಮೆಚ್ಚಿನದಾದ ಸಂಕೇಶ್ವರಿ ರುಚಿಯಲ್ಲಿ ಸೊಗಸಾಗಿದ್ದರೂ ಖಾರವಾದದ್ದು. ಅದನ್ನು ಗುಂಟೂರಿನ ಲೆಕ್ಕದಲ್ಲೇ ಹಾಕಬೇಕು.

ಹೊರದೇಶದ ಅಂಗಡಿಯಲ್ಲಿ

ಮೊದಲಿಗೆ ಒಂದು ಎಚ್ಚರಿಕೆ. ಅಮೆರಿಕದ ಅಂಗಡಿಗಳಲ್ಲಿ ಚಿಲಿ ಪೌಡರ್ ಎಂಬ ಹೆಸರಿನಲ್ಲಿ ಸಿಗುವುದು ಸಾಮಾನ್ಯವಾಗಿ ಬರೀ ಮೆಣಸಿನ ಪುಡಿಯಲ್ಲ. ಜೀರಿಗೆ, ಒರೆಗಾನೊ, ಬೆಳ್ಳುಳ್ಳಿ ಪುಡಿ, ಎಷ್ಟೋ ಸಲ ಉಪ್ಪನ್ನೂ ಬೆರೆಸಿದ ಮಸಾಲೆ. ಇದನ್ನು ಮೆಣಸಿನ ಪುಡಿಯೆಂದು ನಂಬಿ ನಾಲ್ಕು ಚಮಚ ಸಾರಿಗೆ ಹಾಕಿದರೆ ಆ ಸಾರನ್ನು ಉಳಿಸಿಕೊಳ್ಳುವ ಉಪಾಯವಿಲ್ಲ. ಡಬ್ಬದ ಹಿಂದಿನ ಪಟ್ಟಿಯಲ್ಲಿ ಮೆಣಸಿನಕಾಯಿಯೊಂದೇ ಇದೆಯೇ ಎಂದು ಓದಿ ನೋಡಿಯೇ ಕೊಳ್ಳಬೇಕು.

ಸಿಹಿ ಪ್ಯಾಪ್ರಿಕಾ ಎಲ್ಲೆಡೆ ಸಿಗುತ್ತದೆ, ಬೆಲೆಯೂ ಕಡಿಮೆ. ಬಣ್ಣದಲ್ಲಿ ಅದು ಬ್ಯಾಡಗಿಗೆ ಸರಿಸಮ, ಸಿಹಿಯೂ ಇದೆ, ಖಾರ ಇಲ್ಲವೆನ್ನುವಷ್ಟು ಕಡಿಮೆ. ಕಯೆನ್ ಇದಕ್ಕೆ ತದ್ವಿರುದ್ಧ. 30,000ದಿಂದ 50,000 ಸ್ಕೋವಿಲ್ ಖಾರವಿರುವ ಅದು ಗುಂಟೂರಿನ ಅಣ್ಣತಮ್ಮನಂತೆ. ಇವೆರಡನ್ನು ಬೆರೆಸಿದರೆ ಬ್ಯಾಡಗಿ ಪುಡಿಗೆ ಸಾಕಷ್ಟು ಹತ್ತಿರ ಹೋಗಬಹುದು. ಹತ್ತು ಕಾಯಿಯ ಜಾಗಕ್ಕೆ ಮೂರು ಟೀ ಚಮಚ ಸಿಹಿ ಪ್ಯಾಪ್ರಿಕಾ, ಅರ್ಧದಿಂದ ಮುಕ್ಕಾಲು ಟೀ ಚಮಚ ಕಯೆನ್ ಎಂಬುದು ಆರಂಭಕ್ಕೆ ಒಳ್ಳೆಯ ಅಳತೆ. ಆದರೆ ಪುಡಿಯನ್ನು ಕಾಯಿಯಂತೆ ಹುರಿಯಲಾಗದು. ಪ್ಯಾಪ್ರಿಕಾದಲ್ಲಿ ಸಕ್ಕರೆಯ ಅಂಶವಿರುವುದರಿಂದ ಬಿಸಿ ಬಾಣಲೆಯಲ್ಲಿ ಕ್ಷಣದಲ್ಲಿ ಕರಿದಾಗಿ ಕಹಿಯಾಗುತ್ತದೆ. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯಗಳನ್ನು ಹುರಿದು ಒಲೆ ಆರಿಸಿ, ಆ ಬಿಸಿ ಸ್ವಲ್ಪ ಇಳಿದ ಮೇಲೆ ಪುಡಿಯನ್ನು ಹಾಕಿ ಕೈಯಾಡಿಸಿದರೆ ಹಸಿವಾಸನೆ ಹೋಗುತ್ತದೆ, ಬಣ್ಣವೂ ಉಳಿಯುತ್ತದೆ.

ಸ್ಪೇನಿನ ಲಾ ವೆರಾ ಪ್ರದೇಶದ ಪ್ಯಾಪ್ರಿಕಾ ಇದಕ್ಕಿಂತ ಬೇರೆ. ಅಲ್ಲಿ ಮೆಣಸಿನಕಾಯಿಯನ್ನು ಓಕ್ ಮರದ ಹೊಗೆಯಲ್ಲಿ ಒಣಗಿಸುತ್ತಾರೆ. ಆ ಹೊಗೆವಾಸನೆ ಅವರ ಅಡುಗೆಗೆ ಭೂಷಣವಾಗಿರಬಹುದು. ನಮ್ಮ ಸಾರಿನಲ್ಲಿ ಅದು ಇಂಗು, ಕರಿಬೇವು ಎರಡನ್ನೂ ನುಂಗಿಬಿಡುತ್ತದೆ. ಕೊಳ್ಳುವಾಗ ಹೊಗೆಯಾಡಿಸಿದ್ದೇ ಅಲ್ಲವೇ ಎಂದು ನೋಡಿಕೊಳ್ಳುವುದು ಇದಕ್ಕಾಗಿ.

ಇಡೀ ಕಾಯಿಯೇ ಬೇಕೆನ್ನುವವರು ಮೆಕ್ಸಿಕನ್ ಅಂಗಡಿಗೆ ಹೋಗಬೇಕು. ಮೆಣಸಿನಕಾಯಿ ನಮಗೆ ಬಂದದ್ದೇ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಅಮೆರಿಕ ಖಂಡದಿಂದಾದ್ದರಿಂದ, ಬ್ಯಾಡಗಿಯ ಬಂಧುಗಳು ಅಲ್ಲಿ ಸಿಗುವುದರಲ್ಲಿ ಆಶ್ಚರ್ಯವಿಲ್ಲ. ಗ್ವಾಹಿಯೊ ಎಂಬ ಉದ್ದನೆಯ, ಗಾಢ ಕೆಂಪಿನ ಕಾಯಿ ಇವುಗಳಲ್ಲಿ ನನ್ನ ಮೊದಲ ಆಯ್ಕೆ. 2,500ರಿಂದ 5,000 ಸ್ಕೋವಿಲ್ ಮಾತ್ರ ಇರುವ ಅದರ ಖಾರ ಮಕ್ಕಳಿಗೂ ಹಿಡಿಸುತ್ತದೆ, ನಸು ಹುಳಿ ಬೆರೆತ ಸಿಹಿ ಗಸಿಗೆ ಒಪ್ಪುತ್ತದೆ. ಕಾಯಿ ದೊಡ್ಡದಾದ್ದರಿಂದ ಹತ್ತು ಬ್ಯಾಡಗಿಗೆ ಎರಡು ಗ್ವಾಹಿಯೊ ಸಾಕಾಗುತ್ತದೆ, ಖಾರಕ್ಕೆ ಜೊತೆಯಲ್ಲಿ ಒಂದು ಗುಂಟೂರು ಅಥವಾ ಅಲ್ಲಿಯದೇ ಆದ ಆರ್ಬೋಲ್ ಎಂಬ ಸಣ್ಣ ಕಾಯಿ. ಸಿಪ್ಪೆ ಚರ್ಮದಂತೆ ಗಟ್ಟಿ. ಬೀಜ ತೆಗೆದು, ಬಾಣಲೆಯಲ್ಲಿ ಎರಡೂ ಕಡೆ ತುಸು ಬಿಸಿ ಮಾಡಿ, ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸದಿದ್ದರೆ ಎಷ್ಟು ರುಬ್ಬಿದರೂ ಸಿಪ್ಪೆಯ ಚೂರುಗಳು ಬಾಯಿಗೆ ಸಿಗುತ್ತವೆ. ಒಣಪುಡಿಗೆ ಬಳಸುವುದಾದರೆ ಕತ್ತರಿಯಲ್ಲಿ ಸಣ್ಣಗೆ ತುಂಡರಿಸಿ, ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಹುರಿಯಬೇಕು. ಆಂಚೊ ಎಂಬ ಕಪ್ಪುಗೆಂಪಿನ ಅಗಲವಾದ ಕಾಯಿಯಲ್ಲಿ ಒಣದ್ರಾಕ್ಷಿಯ ಸಿಹಿ ಹೆಚ್ಚಾಗಿದ್ದು ಬಣ್ಣ ಮಂಕಾಗಿರುವುದರಿಂದ ಪುಳಿಯೋಗರೆಯ ಗೊಜ್ಜಿನಂಥ ಕಡುಬಣ್ಣದ ಅಡುಗೆಗೆ ಮಾತ್ರ ಅದನ್ನು ನೆನೆಯಬಹುದು.

ಕೊರಿಯಾದವರ ಗೊಚುಗಾರು ಬೀಜ ತೆಗೆದು ತರಿಯಾಗಿ ಪುಡಿ ಮಾಡಿದ ಮೆಣಸಿನಕಾಯಿ. ಹೊಳೆಯುವ ಕೆಂಪು, ಹದವಾದ ಖಾರ, ಹಣ್ಣಿನಂಥ ಸಿಹಿ ಮೂರೂ ಇರುವುದರಿಂದ, ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ರುಬ್ಬಿದರೆ ಕೆಂಪು ಚಟ್ನಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಬೆಲೆ ಪ್ಯಾಪ್ರಿಕಾಕ್ಕಿಂತ ಹೆಚ್ಚು, ಚೀಲವೂ ದೊಡ್ಡದು. ವಾರಕ್ಕೊಮ್ಮೆ ಮಸಾಲೆ ದೋಸೆ ಮಾಡುವ ಮನೆಯಾಗಿದ್ದರೆ ಕೊಳ್ಳಬಹುದು, ಇಲ್ಲದಿದ್ದರೆ ಅರ್ಧ ಚೀಲ ಕಪಾಟಿನಲ್ಲೇ ಬಣ್ಣಗೆಡುತ್ತದೆ.

ಯಾವ ಅಡುಗೆಗೆ ಯಾವುದು

ಒಗ್ಗರಣೆಗೆ, ಉಪ್ಪಿಟ್ಟಿಗೆ, ಕೋಸಂಬರಿಗೆ ಈ ಹೋಲಿಕೆಯೇ ಬೇಕಾಗಿಲ್ಲ. ಅಲ್ಲಿ ಒಂದೆರಡು ಕಾಯಿಯಿಂದ ಬೇಕಿರುವುದು ಎಣ್ಣೆಗೆ ಇಳಿಯುವ ವಾಸನೆ ಮತ್ತು ಸ್ವಲ್ಪ ಖಾರ ಮಾತ್ರ. ಮನೆಯಲ್ಲಿ ಯಾವುದಿದೆಯೋ ಅದನ್ನೇ ಮುರಿದು ಹಾಕಿದರಾಯಿತು. ಹುಳಿ, ಕೊದ್ದೆಲ್, ತರಕಾರಿ ಸಾಗುಗಳಲ್ಲೂ ಗುಂಟೂರಿನ ಸಂಖ್ಯೆ ಇಳಿಸಿದರೆ ಸಾಕು, ದುಡ್ಡು ಖರ್ಚು ಮಾಡುವ ಅಗತ್ಯವಿಲ್ಲ.

ಸಾರಿನ ಪುಡಿ ಮತ್ತು ಬಿಸಿಬೇಳೆಬಾತಿನ ಪುಡಿಯಲ್ಲಿ ಬಣ್ಣಕ್ಕಿಂತ ಪರಿಮಳದ ಸಮತೋಲ ದೊಡ್ಡದು. ಒಣಮೆಣಸಿನಕಾಯಿ ಕಡಿಮೆಯಾದಾಗ ಪುಡಿಯಲ್ಲಿ ಕೊತ್ತಂಬರಿ ಬೀಜ, ಮೆಂತ್ಯದ ಪಾಲು ತಾನಾಗಿಯೇ ಏರಿಬಿಡುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಹತ್ತು ಬ್ಯಾಡಗಿಯ ಜಾಗಕ್ಕೆ ಮೂರು ಗುಂಟೂರು ಹಾಕಿದ ಪುಡಿಯ ಒಟ್ಟು ತೂಕ ಇಳಿದಿರುತ್ತದೆಯಾದ್ದರಿಂದ, ಸಾರಿಗೆ ಎಂದಿನಂತೆ ಎರಡು ಚಮಚ ಹಾಕಿದರೆ ಮೆಂತ್ಯದ ಕಹಿ ಎದ್ದು ಕಾಣಬಹುದು. ಮೆಂತ್ಯವನ್ನು ಮೊದಲೇ ಕಾಲುಭಾಗ ಕಡಿಮೆ ಮಾಡಿಕೊಳ್ಳಬೇಕು. ಕಾಶ್ಮೀರಿ ಅಥವಾ ಪ್ಯಾಪ್ರಿಕಾ, ಕಯೆನ್‌ಗಳ ಮಿಶ್ರಣ ಬಳಸಿದವರಿಗೆ ಈ ತೊಂದರೆ ಇಲ್ಲ, ಏಕೆಂದರೆ ಅಲ್ಲಿ ಮೆಣಸಿನ ಪ್ರಮಾಣ ಹೆಚ್ಚು ಕಡಿಮೆ ಅಷ್ಟೇ ಉಳಿಯುತ್ತದೆ.

ಮೈಸೂರು ಮಸಾಲೆ ದೋಸೆಯ ಕೆಂಪು ಚಟ್ನಿ, ಕೋಳಿ ಗಸಿ, ಕುಂದಾಪುರದ ಗೀ ರೋಸ್ಟ್ ಈ ಮೂರರಲ್ಲಿ ರಾಜಿ ಮಾಡಿಕೊಳ್ಳುವುದು ಕಷ್ಟ. ಗೀ ರೋಸ್ಟ್ ಎಂದರೆ ರುಬ್ಬಿದ ಮೆಣಸಿನಕಾಯಿಯ ಮಸಾಲೆ ತುಪ್ಪದಲ್ಲಿ ಹುರಿದು ಮಾಂಸಕ್ಕೆ ಹಿಡಿದುಕೊಳ್ಳುವುದೇ ಆದ್ದರಿಂದ ಅಲ್ಲಿ ಬಣ್ಣವೂ ಮೈಯೂ ಬೇಕು. ಪುಡಿಯಿಂದ ಮಾಡಿದ ಮಸಾಲೆ ತುಪ್ಪದಲ್ಲಿ ತರಿಯಾಗಿ ಒಡೆದಂತಾಗುತ್ತದೆ. ಇಡೀ ಕಾಶ್ಮೀರಿ ಅಥವಾ ಗ್ವಾಹಿಯೊ ಸಿಕ್ಕರೆ ಮಾಡಬಹುದು, ಎರಡೂ ಸಿಗದಿದ್ದರೆ ನೆನೆಸಿದ ಗೊಚುಗಾರು. ಗುಂಟೂರೊಂದೇ ಇದ್ದರೆ ಆ ದಿನಕ್ಕೆ ಕಾಳುಮೆಣಸಿನ ಸುಕ್ಕಾ ಮಾಡಿಕೊಳ್ಳುವುದೇ ವಿವೇಕ. ಗಸಿಯಲ್ಲಿ ತೆಂಗಿನಕಾಯಿಯ ಬೆಂಬಲ ಇರುವುದರಿಂದ ಬೀಜ, ನಾರು ತೆಗೆದ ಗುಂಟೂರಿನಿಂದಲೂ ಕೆಲಸ ಸಾಗುತ್ತದೆ, ಬಣ್ಣ ಮಾತ್ರ ಕಿತ್ತಳೆಯ ಕಡೆಗೆ ತಿರುಗುತ್ತದೆ.

ಉಪ್ಪಿನಕಾಯಿಯ ವಿಚಾರ ಬೇರೆ. ಅಲ್ಲಿ ಪುಡಿ ಬೇಯುವುದಿಲ್ಲ, ತಿಂಗಳುಗಟ್ಟಲೆ ಎಣ್ಣೆ ಉಪ್ಪಿನಲ್ಲಿ ಕೂತಿರುತ್ತದೆ. ಆದ್ದರಿಂದ ಮಿಕ್ಕ ಎಲ್ಲ ಕಡೆಗಿಂತ ಇಲ್ಲಿ ಹೊಸ ಬೆಳೆಯ, ಚೆನ್ನಾಗಿ ಒಣಗಿದ, ಸ್ವತಃ ಪುಡಿ ಮಾಡಿಸಿದ ಮೆಣಸಿನಕಾಯಿಯೇ ಆಗಬೇಕು. ಬ್ಯಾಡಗಿ ಸಿಗದಿದ್ದರೆ ಮುಕ್ಕಾಲು ಪಾಲು ಕಾಶ್ಮೀರಿ, ಕಾಲು ಪಾಲು ಗುಂಟೂರು ಬೆರೆಸಿದ ಪುಡಿ ಮಾವಿನಕಾಯಿಗೂ ನಿಂಬೆಗೂ ಸರಿಹೊಂದುತ್ತದೆ. ಪ್ಯಾಪ್ರಿಕಾವನ್ನು ವರ್ಷವಿಡೀ ಇಡುವ ಉಪ್ಪಿನಕಾಯಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ವಾರದಲ್ಲಿ ಮುಗಿಯುವ ದಿಢೀರ್ ಉಪ್ಪಿನಕಾಯಿಗಾದರೆ ಅಡ್ಡಿಯಿಲ್ಲ.

ವರ್ಷಕ್ಕೊಮ್ಮೆ ಊರಿಗೆ ಬಂದು ಹೋಗುವವರಿಗೆ ಬದಲಿಗಿಂತ ದಾಸ್ತಾನು ಲಾಭದಾಯಕ. ಹೊಸ ಕಾಯಿ ಪೇಟೆಗೆ ಹೆಚ್ಚಾಗಿ ಬರುವ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಕಾಲದಲ್ಲಿ ಕೊಂಡು, ತೊಟ್ಟು ತೆಗೆಯದೆ, ಒಂದು ದಿನ ಬಿಸಿಲಿಗೆ ಹಾಕಿ, ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟರೆ ಬಣ್ಣವೂ ಪರಿಮಳವೂ ಮುಂದಿನ ಬೆಳೆಯವರೆಗೆ ಬಹುಪಾಲು ಉಳಿಯುತ್ತವೆ. ಬೆಳಕು ಮತ್ತು ಗಾಳಿಯೇ ಆ ಕೆಂಪಿನ ಶತ್ರುಗಳಾದ್ದರಿಂದ ಒಲೆಯ ಪಕ್ಕದ ಗಾಜಿನ ಭರಣಿ ಎಷ್ಟೇ ಅಂದವಾಗಿ ಕಂಡರೂ ಮೆಣಸಿನ ಪುಡಿಗೆ ತಕ್ಕ ಜಾಗವಲ್ಲ. ಬೇರೆ ದೇಶಕ್ಕೆ ಒಯ್ಯುವ ಮುನ್ನ ಅಲ್ಲಿನ ನಿಯಮ ಏನೆಂದು ವಿಚಾರಿಸಿಕೊಳ್ಳಬೇಕು.

ಯಾವ ಬದಲಿಯನ್ನೇ ಆರಿಸಿದರೂ, ಒಂದು ಕಿಲೋ ಪುಡಿ ಮಾಡಿಸುವ ಮೊದಲು ಎರಡು ಕಾಯಿಯ ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದು. ಎರಡು ಕಾಯಿ ಅಥವಾ ಒಂದು ಚಮಚ ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ, ಚೂರು ಉಪ್ಪು ಹಾಕಿ ಅರೆದು, ಒಂದು ಚಮಚ ತುಪ್ಪದಲ್ಲಿ ಸಣ್ಣ ಉರಿಯ ಮೇಲೆ ಹುರಿಯಬೇಕು. ತುಪ್ಪ ಯಾವ ಬಣ್ಣಕ್ಕೆ ತಿರುಗಿತು, ಘಾಟು ಎಷ್ಟು ಬಂತು, ಸಿಪ್ಪೆ ಕರಗಿತೋ ಚೂರಾಗಿ ಉಳಿಯಿತೋ ಎಂಬುದು ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಅದನ್ನು ಒಂದು ತುತ್ತು ಬಿಸಿ ಅನ್ನಕ್ಕೆ ಕಲಸಿ ತಿಂದರೆ ಹತ್ತಕ್ಕೆ ಎಷ್ಟು ಹಾಕಬೇಕೆಂಬ ಲೆಕ್ಕವೂ ಸಿಗುತ್ತದೆ.